ಕಡಲಾಮೆಯ ಅರ್ಬುದರೋಗ: ಒಂದು ಶೋಧದ ಚರಿತ್ರೆ

ಬಂದ್ಯೋಡಿನ ಪಶ್ಚಿಮಕ್ಕೆ, ಉಪ್ಪಳ ಹೊಳೆಯ ಅಳಿವೆಗೂ ಶಿರಿಯ ಹೊಳೆಯ ಅಳಿವೆಗೂ ನಡುವೆ ಚಾಚಿರುವ ಕಡಲತಡಿಯಲ್ಲಿ ನಿಂತು ಕಡಲಾಮೆಗಳ ವಿಚಾರವನ್ನು ಚಿಂತಿಸುವವನಿಗೆ ಎರಡು ಜಾತಿಗಳು ಮುಖ್ಯವಾಗುತ್ತವೆ: ಕಾಸರಗೋಡು ಜಿಲ್ಲೆಯ ಮರಳಿನಲ್ಲಿ ಮೊಟ್ಟೆಯಿಡುವ ಆಲಿವ್ ರಿಡ್ಲೆ ಒಂದು, ಲಕ್ಷದ್ವೀಪದ ಅಗತ್ತಿಯೇ ಮೊದಲಾದೆಡೆ ಹವಳದಿಬ್ಬದೊಳಗಿನ ನಿಶ್ಚಲ ಜಲದಲ್ಲಿ ಕಡಲಹುಲ್ಲನ್ನು ಮೇಯುವ ಹಸಿರಾಮೆ ಇನ್ನೊಂದು. ಈ ಎರಡನ್ನೂ, ವಿಶೇಷತಃ ಎರಡನೆಯದನ್ನು, ಪೀಡಿಸಬಲ್ಲ ಫೈಬ್ರೊಪ್ಯಾಪಿಲೊಮಾಟೋಸಿಸ್ ಎಂಬ ಅರ್ಬುದರೋಗದ ಚರಿತ್ರೆಯು ನಮ್ಮ ತೀರದಿಂದ ಬಹುದೂರದಲ್ಲಿ ಆರಂಭವಾಯಿತು.

1938ರಲ್ಲಿ ಸ್ಮಿತ್ ಮತ್ತು ಕೋಟ್ಸ್ ಎಂಬ ವಿದ್ವಾಂಸರು, ಫ್ಲಾರಿಡಾದ ಕೀ ವೆಸ್ಟ್ ಪ್ರದೇಶದ ಹಸಿರಾಮೆಗಳ ಚರ್ಮದಲ್ಲಿ ಬೆಳೆದ ಗಡ್ಡೆಗಳನ್ನು ಪ್ರಥಮತಃ ಶಾಸ್ತ್ರೀಯವಾಗಿ ವರ್ಣಿಸಿದರು. ಅದೇ ವರ್ಷ ಬಾಲ್ಡುಯಿನ್ ಲೂಕೆಯೂ ಇವುಗಳನ್ನು ಕುರಿತು ಬರೆದನು. ಕಪ್ಪೆಯ ಮೂತ್ರಪಿಂಡದ ಅರ್ಬುದಕ್ಕೆ ವೈರಾಣುವೇ ಕಾರಣವಾಗಿರಬೇಕೆಂದು ಆಗಲೇ ತರ್ಕಿಸಿದ್ದ ಈ ಪಂಡಿತನ ಕೈಗೆ ಆಮೆಯ ಗಡ್ಡೆಯೂ ಬಂದಿತ್ತೆಂಬುದು ವಿಜ್ಞಾನಚರಿತ್ರೆಯ ಸ್ವಾರಸ್ಯಗಳಲ್ಲೊಂದು. ಆದರೆ ಮರುವರ್ಷವೇ ಗಡ್ಡೆಗಳೊಳಗೆ ರಕ್ತದ ಪರೋಪಜೀವಿ ಹುಳುಗಳ ತತ್ತಿಗಳು ಕಾಣಿಸಿಕೊಂಡುದರಿಂದ, ಸಂಶಯವು ಬಹುಕಾಲ ಆ ಹುಳುಗಳ ಕಡೆಗೇ ವಾಲಿತು.

ಹವಾಯಿಯಲ್ಲಿ 1958ರಲ್ಲಿ ಮೊದಲ ರೋಗಿಷ್ಠ ಆಮೆ ದೊರಕಿತು. ಫ್ಲಾರಿಡಾದ ಇಂಡಿಯನ್ ರಿವರ್ ಎಂಬ ಕಡಲಹಿನ್ನೀರಿನಲ್ಲಿ 1982ರಿಂದ ಕಾಣಿಸಿಕೊಂಡ ರೋಗವು ಕೆಲವೇ ವರ್ಷಗಳಲ್ಲಿ ಅಲ್ಲಿ ಹಿಡಿದ ಹಸಿರಾಮೆಗಳ ಅರ್ಧಾಂಶವನ್ನು ವ್ಯಾಪಿಸಿತು. ಕಣ್ಣು, ಕೊರಳು, ಈಜುಗಾಲುಗಳ ಬುಡಗಳಲ್ಲಿ ಹೂಕೋಸಿನಂತೆ ಉಬ್ಬುವ ಈ ಗಡ್ಡೆಗಳು ಪ್ರಾಯಶಃ ಸೌಮ್ಯಸ್ವರೂಪದವೇ ಆದರೂ, ದೃಷ್ಟಿಯನ್ನು ಮುಚ್ಚಿ ಮೇವನ್ನು ತಪ್ಪಿಸುವುದರಿಂದಲೂ, ಶ್ವಾಸಕೋಶ ಮೂತ್ರಪಿಂಡಗಳನ್ನು ಕೆಲವೊಮ್ಮೆ ಆಕ್ರಮಿಸುವುದರಿಂದಲೂ ಪ್ರಾಣಾಂತಿಕವಾಗುತ್ತವೆ. ಶಸ್ತ್ರಕ್ರಿಯೆಯಿಂದ ಅವನ್ನು ತೆಗೆಯುವುದು ಸಾಧ್ಯ. ಮತ್ತೆ ಬೆಳೆಯುವುದೂ ಉಂಟು.

1991ರಲ್ಲಿ ಗಡ್ಡೆಯೊಳಗೆ ಹರ್ಪಿಸ್ ಕುಲದ ವೈರಾಣುವನ್ನು ಕಂಡುದಾಯಿತು. 1995ರಲ್ಲಿ ಹರ್ಬ್‌ಸ್ಟ್ ಮತ್ತು ಸಂಗಡಿಗರು, ಗಡ್ಡೆಯನ್ನು ಅರೆದು, ಜೀವಕೋಶವಾಗಲಿ ಹುಳುವಿನ ತತ್ತಿಯಾಗಲಿ ಉಳಿಯದಂತೆ ಸೋಸಿದ ರಸವನ್ನು ಆರೋಗ್ಯವಂತ ಎಳೆಯ ಆಮೆಗಳಿಗೆ ಚುಚ್ಚಿ ಅರ್ಬುದವನ್ನು ಉತ್ಪಾದಿಸಿದರು; ಅಲ್ಲಿಗೆ ಹುಳುವಿನ ವಾದ ಬಿದ್ದುಹೋಯಿತು. ಆಮೆಯ ಮೈಗಂಟುವ ಕಡಲಜಿಗಣೆಯಲ್ಲಿ ಇದೇ ವೈರಾಣು ಹೇರಳವಾಗಿ ದೊರೆತುದರಿಂದ, ಅದೇ ವಾಹಕವಿರಬಹುದೆಂಬ ಊಹೆ ಬಲಗೊಂಡಿತು. ಆದರೂ ಪ್ರಯೋಗಶಾಲೆಯಲ್ಲಿ ಈ ವೈರಾಣು ಸುಲಭವಾಗಿ ಬೆಳೆಯಲೊಲ್ಲದು. 2017ರಲ್ಲಿ ಮಾತ್ರ, ಆಮೆಯ ಚರ್ಮವನ್ನೇ ಪದರಪದರವಾಗಿ ಕೃತಕವಾಗಿ ಕಟ್ಟಿ, ಅದರೊಳಗೆ ಅದು ವೃದ್ಧಿಗೊಳ್ಳುವುದನ್ನು ಹವಾಯಿಯ ಸಂಶೋಧಕರು ತೋರಿಸಿದರು.

ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ತಿರುವು ಇದ್ಯಾವುದೂ ಅಲ್ಲ. 2004ರಲ್ಲಿ ಹರ್ಬ್‌ಸ್ಟ್ ಮೊದಲಾದವರು ನಾನಾ ಸಾಗರಗಳ ವೈರಾಣುಗಳನ್ನು ಹೋಲಿಸಿ, ಅವುಗಳ ಕವಲುಗಳು ಲಕ್ಷಾಂತರ ವರ್ಷಗಳ ಹಿಂದೆಯೇ ಬೇರ್ಪಟ್ಟವೆಂದೂ, ಇತ್ತೀಚಿನ ಪಿಡುಗಿಗೆ ವೈರಾಣುವಿನ ಹೊಸ ರೂಪಾಂತರ ಕಾರಣವಲ್ಲವೆಂದೂ ಪ್ರತಿಪಾದಿಸಿದರು. ವೈರಾಣು ಪುರಾತನ, ಪಿಡುಗು ಮಾತ್ರ ನೂತನ ಎಂದಾದರೆ, ಬದಲಾದದ್ದು ನೀರೇ ಆಗಿರಬೇಕಲ್ಲವೆ? 2010ರಲ್ಲಿ ಪ್ರಕಟವಾದ ಹವಾಯಿಯ ಅಧ್ಯಯನವೊಂದು, ಭೂಮಿಯಿಂದ ಸಾರಜನಕವು ಹೆಚ್ಚಾಗಿ ಹರಿದುಬರುವ ಕರಾವಳಿಗಳಲ್ಲಿಯೇ ರೋಗವು ಅಧಿಕವೆಂದು ತೋರಿಸಿತು. ಇದು ಸಹಸಂಬಂಧವೇ ಹೊರತು ಸಾಬೀತಾದ ಕಾರಣವಲ್ಲವೆಂಬ ಆಕ್ಷೇಪಕ್ಕೆ ಬೆಲೆಯುಂಟು. ಹಾಗಿದ್ದರೂ, ತೋಟ ಗದ್ದೆಗಳ ಗೊಬ್ಬರವನ್ನೂ ಪೇಟೆಗಳ ಕೊಳಚೆಯನ್ನೂ ಹೊತ್ತು ಕಡಲಿಗಿಳಿಯುವ ಹೊಳೆಗಳ ದಡದಲ್ಲಿ ಬಾಳುವ ನಾವು ಅದನ್ನು ಲಘುವಾಗಿ ಕಾಣತಕ್ಕದ್ದಲ್ಲ.

ಆಲಿವ್ ರಿಡ್ಲೆಯೂ ಈ ರೋಗದಿಂದ ಮುಕ್ತವಲ್ಲವೆಂಬುದಕ್ಕೆ ಕೋಸ್ಟರಿಕಾದ ಓಸ್ತಿಯೊನಾಲ್ ತೀರದ ನಿದರ್ಶನವಿದೆ. ಆದಕಾರಣ ನಮ್ಮ ತೀರದ ಮೀನುಗಾರರಲ್ಲಿಯೂ ಮೊಟ್ಟೆ ಕಾಯುವ ತರುಣರಲ್ಲಿಯೂ ಒಂದು ವಿಜ್ಞಾಪನೆ: ಬಲೆಗೆ ಸಿಕ್ಕಿದ ಅಥವಾ ದಡಕ್ಕೆ ಬಿದ್ದ ಆಮೆಯ ಕಣ್ಣು, ಕೊರಳು, ಈಜುಗಾಲಿನ ಸಂದುಗಳನ್ನು ನೋಡಿರಿ; ಗಡ್ಡೆ ಕಂಡರೆ ಬರಿಗೈಯಿಂದ ಮುಟ್ಟದೆ, ಚಿತ್ರ ತೆಗೆದು, ದಿನಾಂಕವನ್ನೂ ಸ್ಥಳವನ್ನೂ ಗುರುತಿಸಿಕೊಂಡು ಅರಣ್ಯ ಇಲಾಖೆಗೆ ತಿಳಿಸಿರಿ.