ಕೆರಗೋಡು ಹೋಬಳಿಯ ನೆಲೆಯಿಂದ ‘ಭೂಮಿ’: ಕಂದಾಯ ದಾಖಲೆಗಳ ಗಣಕೀಕರಣ ಮತ್ತು ಹೊಣೆಗಾರಿಕೆ

ಕೆರಗೋಡು ಮಂಡ್ಯ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಗ್ರಾಮಕ್ಕೂ ತಾಲ್ಲೂಕಿಗೂ ನಡುವಿನ ಘಟಕವಾದ ಹೋಬಳಿಯಲ್ಲಿ ಖಾತೆ ಬದಲಾವಣೆಯ ಪ್ರಕರಣಗಳು ಕಂದಾಯ ನಿರೀಕ್ಷಕರ ಪರಿಶೀಲನೆಗೆ ಒಳಗಾಗುತ್ತವೆ. ‘ಭೂಮಿ’ ಯೋಜನೆಯನ್ನು ಸಾಮಾನ್ಯವಾಗಿ ಗಣಕಯಂತ್ರದ ಸಾಧನೆಯೆಂದು ವರ್ಣಿಸಲಾಗಿದೆ. ಹೋಬಳಿಯ ನೆಲೆಯಿಂದ ನೋಡಿದಾಗ ಅದು ಮುಖ್ಯವಾಗಿ ಹೊಣೆಗಾರಿಕೆಯ ಮರುಹಂಚಿಕೆಯಾಗಿ ಕಾಣುತ್ತದೆ.

1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯು ವಂಶಪಾರಂಪರ್ಯ ಶಾನುಭೋಗಿಕೆಯನ್ನು ಕೊನೆಗಾಣಿಸಿತು. ದಾಖಲೆಗಳು ಗ್ರಾಮಲೆಕ್ಕಿಗರ ವಶಕ್ಕೆ ಬಂದವು. ರಾಜ್ಯದಲ್ಲಿ ಸುಮಾರು 9,000 ಗ್ರಾಮಲೆಕ್ಕಿಗರಿದ್ದು, ಒಬ್ಬೊಬ್ಬರಿಗೆ ಮೂರು ನಾಲ್ಕು ಗ್ರಾಮಗಳಿದ್ದವು. ಸಾಲಕ್ಕೋ ವ್ಯಾಜ್ಯಕ್ಕೋ ಪಹಣಿ ಬೇಕಾದ ರೈತನು ಅವರನ್ನೇ ಅರಸಿ ಹೋಗಬೇಕಿತ್ತು. ಬರಹವನ್ನು ತಾಳೆ ನೋಡಲು ಅವನಿಗೆ ಬೇರೆ ದಾರಿಯಿರಲಿಲ್ಲ.

ಕೇಂದ್ರ ಸರ್ಕಾರದ ನೆರವಿನಿಂದ 1991ರಲ್ಲಿ ಗುಲ್ಬರ್ಗಾ ಜಿಲ್ಲೆಯಲ್ಲಿ ಗಣಕೀಕರಣದ ಮೊದಲ ಪ್ರಯೋಗ ನಡೆಯಿತು. ಆದರೆ ಆ ಹಂತದ ಕಾರ್ಯವು ಜಿಲ್ಲಾ ಮಟ್ಟದ ದತ್ತಾಂಶ ಸಂಗ್ರಹಕ್ಕೆ ಸೀಮಿತವಾಯಿತು. ದಿನನಿತ್ಯದ ಖಾತೆ ಬದಲಾವಣೆಗಳು ಕೈಬರಹದಲ್ಲಿಯೇ ಮುಂದುವರಿದುದರಿಂದ ಯಂತ್ರದ ದಾಖಲೆಯು ಬೇಗನೆ ಹಳತಾಯಿತು. ತಾಂತ್ರಿಕ ಕಾರ್ಯವೂ ಕಚೇರಿಯ ಕಾರ್ಯವೂ ಬೇರೆಯಾದರೆ ಎರಡೂ ನಿಷ್ಫಲವೆಂಬುದು ಈ ಪ್ರಯೋಗದ ಪಾಠ.

ಮುಂದಿನ ಹಂತದಲ್ಲಿ ಈ ಕೊರತೆಯನ್ನು ಸರಿಪಡಿಸಲಾಯಿತು. ಕಂದಾಯ ಇಲಾಖೆಯು ಕಾರ್ಯವಿಧಾನವನ್ನು ನಿರ್ಧರಿಸಿತು. ರಾಷ್ಟ್ರೀಯ ಮಾಹಿತಿ ಕೇಂದ್ರವು ತಂತ್ರಾಂಶವನ್ನು ರೂಪಿಸಿತು. ಕೆರಗೋಡಿನ ಜಿಲ್ಲೆಯದೇ ಆದ ಮದ್ದೂರು ತಾಲ್ಲೂಕು ಇದರ ಆರಂಭಿಕ ಪ್ರಯೋಗಭೂಮಿಯಾಯಿತು. ಸುಮಾರು 2 ಕೋಟಿ ಪಹಣಿಗಳು ಗಣಕೀಕೃತವಾದವು. ತಾಲ್ಲೂಕು ಕೇಂದ್ರದಲ್ಲಿ 15 ರೂಪಾಯಿಗೆ ಪಹಣಿ ದೊರೆಯುವಂತಾಯಿತು; ಕೈಬರಹದ ಪಹಣಿಯ ವಿತರಣೆಯನ್ನು ನಿಲ್ಲಿಸಲಾಯಿತು. ಸಿಬ್ಬಂದಿಯ ಬೆರಳಚ್ಚಿನಿಂದ ಪ್ರತಿ ನಮೂದಿನ ಕರ್ತೃ ಯಾರೆಂಬುದು ದಾಖಲಾಗತೊಡಗಿತು. ಆಕ್ಷೇಪಣೆಗೆ 30 ದಿನಗಳ ಅವಕಾಶ ನೀಡಿ ಖಾತೆ ಬದಲಾವಣೆಯನ್ನು ಅನುಮೋದಿಸುವ ಅಧಿಕಾರವು ಯಂತ್ರಕ್ಕಾಗಲಿ ತಂತ್ರಜ್ಞರಿಗಾಗಲಿ ಹೋಗದೆ ಕಂದಾಯ ಅಧಿಕಾರಿಗಳಲ್ಲಿಯೇ ಉಳಿಯಿತು.

ಅನಂತರ ನೋಂದಣಿ ಇಲಾಖೆಯ ‘ಕಾವೇರಿ’ ಹಾಗೂ ಭೂಮಾಪನ ಇಲಾಖೆಯ ‘ಮೋಜಿಣಿ’ ವ್ಯವಸ್ಥೆಗಳು ‘ಭೂಮಿ’ಯೊಡನೆ ಜೋಡಣೆಗೊಂಡವು. ಕ್ರಯಪತ್ರ ನೋಂದಣಿಯಾದ ಮಾಹಿತಿಯು ಕಂದಾಯ ಇಲಾಖೆಗೆ ತಾನಾಗಿ ತಲುಪತೊಡಗಿತು. ಮೂರು ಇಲಾಖೆಗಳ ಕಾರ್ಯಸರಣಿಯು ಒಂದೇ ಸರ್ವೆ ನಂಬರಿನ ಸುತ್ತ ಕೂಡಿಬಂದುದು ಇಲ್ಲಿನ ಮಹತ್ವದ ಬೆಳವಣಿಗೆ.

ಆದರೆ ಹಳೆಯ ಪುಸ್ತಕದ ತಪ್ಪು ಹೆಸರು, ತಪ್ಪು ವಿಸ್ತೀರ್ಣಗಳು ಯಂತ್ರಕ್ಕೂ ದಾಟಿದವು. ಅವುಗಳ ತಿದ್ದುಪಡಿಗೆ ರೈತನು ಕಚೇರಿಯ ಮೆಟ್ಟಿಲನ್ನು ಮತ್ತೆ ಹತ್ತಬೇಕಾಯಿತು. ಪಹಣಿಯನ್ನು ಪಡೆಯುವುದು ಸುಲಭವಾದಷ್ಟು ಅದನ್ನು ಸರಿಪಡಿಸುವುದು ಸುಲಭವಾಗಲಿಲ್ಲ. ತಂತ್ರಾಂಶವು ದಾಖಲೆಯನ್ನು ಕಾಯಬಲ್ಲದು. ಅದರ ಸತ್ಯಕ್ಕೆ ಉತ್ತರಿಸಬೇಕಾದವರು ಗ್ರಾಮ ಮತ್ತು ಹೋಬಳಿಯ ಅಧಿಕಾರಿಗಳೇ ಎಂಬುದನ್ನು ಈ ಇತಿಹಾಸವು ಸ್ಪಷ್ಟಪಡಿಸುತ್ತದೆ.