ಹ್ಯಾಮ್ ರೇಡಿಯೋಗೆ ಇಷ್ಟೊಂದು ರೂಲ್ಸ್ ಯಾಕೆ?

ಹೈದರಾಬಾದಿನ ನಮ್ಮ ಹ್ಯಾಮ್ ರೇಡಿಯೋ ಕ್ಲಬ್ಬಿನಲ್ಲಿ ಭಾನುವಾರದ ಪಾಠಕ್ಕೆ ಬರುವವರಲ್ಲಿ ಹೆಚ್ಚಿನವರು ಐಟಿಯವರೇ. ಎಲೆಕ್ಟ್ರಾನಿಕ್ಸ್ ಪಾಠವನ್ನ ನಗುನಗುತ್ತಾ ಮುಗಿಸುತ್ತಾರೆ. ನಿಯಮಗಳ ಪಾಠ ಶುರುವಾದಾಗ ಮುಖ ಸಪ್ಪಗಾಗುತ್ತೆ. ಪರೀಕ್ಷೆ ಬರೀಬೇಕು, ಪೊಲೀಸ್ ವೆರಿಫಿಕೇಶನ್ ಆಗಬೇಕು, ಸೆಟ್ ಯಾವ ಮನೆಯಲ್ಲಿದೆ ಅಂತ ಲೈಸೆನ್ಸಿನಲ್ಲೇ ಬರೆದಿರುತ್ತೆ. ಬಾಡಿಗೆ ಮನೆ ಬದಲಾಯಿಸಿದ್ರೆ ಅದನ್ನೂ ತಿದ್ದಿಸಿಕೊಳ್ಳಬೇಕು. ಹಾಡು ಹಾಕಬಾರದು, ವ್ಯಾಪಾರದ ಮಾತು ಆಡಬಾರದು, ಗುಟ್ಟಿನ ಭಾಷೆ ಬಳಸಬಾರದು, ಯಾರ ಜೊತೆ ಯಾವಾಗ ಮಾತಾಡಿದ್ರಿ ಅಂತ ಲಾಗ್ ಬುಕ್ ಇಡಬೇಕು. "ಜೇಬಲ್ಲಿ ಸ್ಮಾರ್ಟ್‌ಫೋನ್ ಇರೋ ಕಾಲದಲ್ಲಿ ಇದೆಲ್ಲಾ ಯಾಕೆ ಸಾರ್?" ಅಂತ ಒಬ್ಬರಾದ್ರೂ ಕೇಳೇ ಕೇಳ್ತಾರೆ. ಇವತ್ತು ಅದಕ್ಕೆ ಉತ್ತರ. ಆ ರೂಲ್ ಬುಕ್ಕಿನಲ್ಲಿ ಇರೋದು ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ಹಳೆಯ ಭಯಗಳು.

ಗೊತ್ತಿಲ್ಲದವರಿಗೆ ಒಂದು ಮಾತು. ಮೊಬೈಲ್ ಟವರ್, ಇಂಟರ್‌ನೆಟ್ ಯಾವುದೂ ಇಲ್ಲದೆ, ಸ್ವಂತ ಸೆಟ್ಟು ಮತ್ತು ಆಂಟೆನಾದಿಂದ ಇನ್ನೊಬ್ಬ ಲೈಸೆನ್ಸುದಾರನ ಜೊತೆ ಮಾತಾಡೋದೇ ಹ್ಯಾಮ್ ರೇಡಿಯೋ. ನಮ್ಮ ದೇಶದಲ್ಲಿ ಇದು 1921ರಲ್ಲೇ ಶುರುವಾಯ್ತು. ಕಲ್ಕತ್ತಾದ ಅಮರೇಂದ್ರ ಚಂದ್ರ ಗುಪ್ತು ಮತ್ತು ಮುಕುಲ್ ಬೋಸ್ ಮೊದಲಿಗರು. ಆಗಿನ್ನೂ ಭಾರತಕ್ಕೆ 'ವಿಯು' ಅನ್ನೋ ಕಾಲ್ ಸೈನ್ ಅಕ್ಷರಗಳು ಬಂದಿರಲಿಲ್ಲ, ಅವು ಬಂದಿದ್ದು 1929ರಲ್ಲಿ.

ಮೊದಲನೇ ಭಯ ದುಡ್ಡಿನದು. 1927ರಲ್ಲಿ ವಾಷಿಂಗ್ಟನ್ನಿನಲ್ಲಿ ಅಂತರರಾಷ್ಟ್ರೀಯ ರೇಡಿಯೋ ಸಮ್ಮೇಳನ ನಡೀತು. ಹೆಚ್ಚಿನ ದೇಶಗಳಲ್ಲಿ ತಂತಿ ಇಲಾಖೆ ಸರ್ಕಾರದ್ದೇ, ಟೆಲಿಗ್ರಾಂ ಅಂದ್ರೆ ಒಳ್ಳೆಯ ಆದಾಯ. ಹವ್ಯಾಸಿಗಳು ಪುಕ್ಕಟೆಯಾಗಿ ಊರಿಂದ ಊರಿಗೆ ಸುದ್ದಿ ಮುಟ್ಟಿಸಲು ಶುರುಮಾಡಿದ್ರೆ ಟೆಲಿಗ್ರಾಂ ಕಳಿಸೋರು ಯಾರು? ಹಾಗಾಗಿ ಒಂದು ವಿಚಿತ್ರ ಷರತ್ತು ಬಂತು: ನಿಮ್ಮ ಪ್ರಯೋಗದ ಬಗ್ಗೆ ಮಾತಾಡಿ, ಜೊತೆಗೆ ಖಾಸಗಿ ಮಾತೂ ಆಡಿ, ಆದರೆ ಅದು ಟೆಲಿಗ್ರಾಂ ಕೊಡುವಷ್ಟು ಮುಖ್ಯವಾಗಿರಬಾರದು! ಅಂದ್ರೆ ಕಾನೂನೇ "ಹರಟೆ ಹೊಡೀರಿ, ಕೆಲಸದ ಮಾತು ಬೇಡ" ಅಂತ ಹೇಳಿದ ಹಾಗೆ. ನಮ್ಮ 1978ರ ಹವ್ಯಾಸಿ ರೇಡಿಯೋ ನಿಯಮಗಳಲ್ಲೂ ಇದೇ ಧಾಟಿ ಮುಂದುವರೀತು. ಬೇರೆಯವರ ಪರವಾಗಿ ಸಂದೇಶ ಕಳಿಸಬಾರದು ಅನ್ನೋದು ಇದರದೇ ತಮ್ಮ.

ಎರಡನೇ ಭಯಕ್ಕೆ ಹೋಗೋ ಮುಂಚೆ ಮೈಸೂರಿಗೆ ಬನ್ನಿ. 1935ರ ಸೆಪ್ಟೆಂಬರ್ 10ರಂದು, ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ 'ವಿಠ್ಠಲ ವಿಹಾರ'ದಿಂದಲೇ ಪುಟ್ಟದೊಂದು ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಪ್ರಸಾರ ಶುರುಮಾಡಿದ್ರು. ಕಾಲ್ ಸೈನ್ ವಿಯು6ಎಎಚ್, ಹೆಸರು ಆಕಾಶವಾಣಿ. 1950ರ ದಶಕದಲ್ಲಿ ಇಡೀ ದೇಶದ ರೇಡಿಯೋ ತಗೊಂಡಿದ್ದು ಅದೇ ಹೆಸರನ್ನ. ನನಗೆ ಇದು ಹೆಮ್ಮೆಯ ವಿಷಯವೂ ಹೌದು, ತಮಾಷೆಯೂ ಹೌದು. ಸಂಗೀತ, ಭಾಷಣ ಎಲ್ಲಾ ಜನರಿಗೆ ಪ್ರಸಾರ ಮಾಡೋದು ಇವತ್ತಿನ ಹ್ಯಾಮ್‌ಗೆ ಪೂರ್ತಿ ನಿಷೇಧ. ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಕ್ಲಬ್ಬಿನ ಸ್ಟೇಷನ್ನಿಂದ ಅಣ್ಣಾವ್ರ ಒಂದು ಹಾಡು ಹಾಕೋಣ ಅಂತ ಕೇಳಿದವರಿಗೆ ನಾನು ಇಲ್ಲ ಅಂದಿದ್ದು ಇದಕ್ಕೇ. ಕನ್ನಡದಲ್ಲಿ ಎಷ್ಟು ಬೇಕಾದ್ರೂ ಮಾತಾಡಿ, ಹಾಡು ಮಾತ್ರ ಬೇಡ.

ಈಗ ಎರಡನೇ ಭಯ. 1939ರಲ್ಲಿ ಯುದ್ಧ ಶುರುವಾದಾಗ ಬ್ರಿಟಿಷ್ ಸರ್ಕಾರ ಹೊಸ ಲೈಸೆನ್ಸ್ ನಿಲ್ಲಿಸಿ, ಇದ್ದವರಿಗೆಲ್ಲಾ ಟ್ರಾನ್ಸ್‌ಮಿಟರ್ ಪೊಲೀಸರಿಗೆ ಒಪ್ಪಿಸಿ ಅಂತ ಆದೇಶ ಕಳಿಸ್ತು. ಬೊಂಬಾಯಿಯ ನಾರಿಮನ್ ಪ್ರಿಂಟರ್ ಅನ್ನೋ ಹ್ಯಾಮ್ ಪೂರ್ತಿ ಒಪ್ಪಿಸಲಿಲ್ಲ. ಸರ್ಕಾರ ಹೆದರಿದ್ದು ಸುಮ್ಮನೆ ಅಲ್ಲ ಅಂತ 1942ರಲ್ಲಿ ಗೊತ್ತಾಯ್ತು. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ನಾಯಕರೆಲ್ಲಾ ಜೈಲಿನಲ್ಲಿ, ಪತ್ರಿಕೆಗಳ ಬಾಯಿಗೆ ಬೀಗ. ಆಗಸ್ಟ್ 27ರಂದು 42.34 ಮೀಟರಿನಲ್ಲಿ ಕಾಂಗ್ರೆಸ್ ರೇಡಿಯೋ ಮಾತಾಡಿತು. ಅದರ ಹಿಂದೆ ಇದ್ದ ಉಷಾ ಮೆಹ್ತಾಗೆ ಆಗ ಬರೀ 22 ವರ್ಷ. ತಾಂತ್ರಿಕ ಕೆಲಸಕ್ಕೆ ಇದೇ ಪ್ರಿಂಟರ್. ಪೊಲೀಸರು ತರಂಗದ ಜಾಡು ಹಿಡಿದು ಬರ್ತಾರೆ ಅಂತ ಗೊತ್ತಿದ್ದ ಗುಂಪು ಮನೆಯಿಂದ ಮನೆಗೆ ಸೆಟ್ ಸಾಗಿಸ್ತಾ ಇತ್ತು. ಸುಮಾರು ಎರಡೂವರೆ ತಿಂಗಳು ನಡೀತು. ನವೆಂಬರ್ 12ರಂದು ಸಿಕ್ಕಿಬಿದ್ರು. ದಾರಿ ತೋರಿಸಿದ್ದು ಬಂಧನಕ್ಕೊಳಗಾದ ಪ್ರಿಂಟರ್. ಆತನನ್ನ ಬರೀ ದ್ರೋಹಿ ಅಂತ ಮುಗಿಸಿಬಿಡೋದು ನನಗೆ ಸುಲಭ ಅನ್ನಿಸಲ್ಲ. ಆ ಕೈಗಳಿಲ್ಲದೆ ಆ ದನಿಯೂ ಇರ್ತಿರಲಿಲ್ಲ. ಉಷಾ ಮೆಹ್ತಾಗೆ ನಾಲ್ಕು ವರ್ಷ ಜೈಲಾಯ್ತು.

ಈ ಕಥೆ ತಲೆಯಲ್ಲಿ ಇಟ್ಟುಕೊಂಡು ಈಗ ನಿಯಮ ಓದಿ. ಸೆಟ್ಟಿನ ವಿಳಾಸ ಯಾಕೆ ಬೇಕು, ಲಾಗ್ ಯಾಕೆ, ಗುಟ್ಟಿನ ಭಾಷೆ ಯಾಕೆ ಬೇಡ, ಮಾತಿನ ಮೊದಲು ಕೊನೆಯಲ್ಲಿ ಕಾಲ್ ಸೈನ್ ಯಾಕೆ ಹೇಳಬೇಕು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಬ್ರಿಟಿಷರ ಅನುಮಾನವನ್ನ ಸ್ವತಂತ್ರ ಭಾರತ ಹಾಗೇ ಎತ್ತಿಟ್ಟುಕೊಳ್ತು. 1885ರ ಟೆಲಿಗ್ರಾಫ್ ಕಾಯ್ದೆ, 1933ರ ವೈರ್‌ಲೆಸ್ ಕಾಯ್ದೆ ಎರಡನ್ನೂ ಬದಲಿಸೋ ಹೊಸ ಕಾನೂನು ಬಂದಿದ್ದು 2023ರಲ್ಲಿ! ಕ್ಲಬ್ಬುಗಳು ಹುಟ್ಟಿದ್ದೂ ಇದೇ ಅನುಮಾನದ ನೆರಳಲ್ಲಿ. 1948ರಲ್ಲಿ ಮಹೂ ಊರಿನ ಸೇನೆಯ ಸಿಗ್ನಲ್ಸ್ ಶಾಲೆಯಲ್ಲಿ ಶುರುವಾದ ರಾಷ್ಟ್ರೀಯ ಕ್ಲಬ್ಬೇ ಆಮೇಲೆ ದೆಹಲಿಗೆ ಹೋಗಿ ಅಮೆಚೂರ್ ರೇಡಿಯೋ ಸೊಸೈಟಿ ಆಫ್ ಇಂಡಿಯಾ ಆಯ್ತು. ಇವತ್ತಿಗೂ ಕ್ಲಬ್ಬಿನ ಸ್ಟೇಷನ್ನಿಗೆ ಬೇರೆ ಲೈಸೆನ್ಸ್ ಬೇಕು, ಅಲ್ಲಿ ಏನೇ ನಡೆದರೂ ಅದಕ್ಕೆ ಲೈಸೆನ್ಸ್ ಇರೋ ಒಬ್ಬ ಹೊಣೆ. ಕ್ಲಬ್ಬಿನಲ್ಲಿ ಯಾರಾದರೂ ಮೈಕ್ ಹಿಡಿದು ಜೋಕ್ ಹೊಡೆಯಲು ಹೋದರೆ ಹಿರಿಯರು ಗದರೋದು ಇದಕ್ಕೇ, ಜಂಬಕ್ಕಲ್ಲ.

ಹಾಗಾದ್ರೆ ಇದೆಲ್ಲಾ ಬರೀ ಅಡ್ಡಗಾಲಾ? ಅಲ್ಲ, 2004 ನೋಡಿ. ಅಂಡಮಾನಿನಲ್ಲಿ 1987ರ ನಂತರ ಹ್ಯಾಮ್ ಕೇಂದ್ರಕ್ಕೆ ಅನುಮತಿಯೇ ಸಿಕ್ಕಿರಲಿಲ್ಲ, ಅದೇ ಭದ್ರತೆಯ ಭಯ. ನಮ್ಮ ಹೈದರಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಮೆಚೂರ್ ರೇಡಿಯೋ ವರ್ಷಗಟ್ಟಲೆ ಬೆನ್ನು ಹತ್ತಿ ಅನುಮತಿ ತಗೊಂಡು, ಆ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಅವರ ತಂಡವನ್ನ ಪೋರ್ಟ್ ಬ್ಲೇರಿಗೆ ಕಳಿಸಿತ್ತು. 26ರ ಬೆಳಗ್ಗೆ ಭೂಕಂಪ, ಆಮೇಲೆ ಸುನಾಮಿ. ಜಗತ್ತಿನ ಹವ್ಯಾಸಿಗಳ ಜೊತೆ ಮಾತಾಡಲು ಇಟ್ಟಿದ್ದ ಸೆಟ್ಟೇ ಮುಖ್ಯಭೂಮಿಗೆ ಕೊಂಡಿಯಾಯ್ತು. ಯಾರು ಬದುಕಿದ್ದಾರೆ, ಯಾರ ಮನೆಯವರು ಯಾರನ್ನ ಹುಡುಕ್ತಿದ್ದಾರೆ ಅನ್ನೋ ಸುದ್ದಿ ಆ ಸೆಟ್ಟಿನಿಂದ ಹೋಯ್ತು, ಬಂತು. ಕಾರ್ ನಿಕೋಬಾರಿಗೂ ಹ್ಯಾಮ್‌ಗಳು ಹೋದರು.

ಇದೆಲ್ಲಾ ಬೇರೆಯವರ ಸಂದೇಶ ತಾನೆ, ನಿಯಮ ಮುರಿದ ಹಾಗಾಗಲಿಲ್ವಾ? ಇಲ್ಲ. ಭೂಕಂಪ, ಪ್ರವಾಹ, ಚಂಡಮಾರುತದಂಥ ಸಂದರ್ಭದಲ್ಲಿ ಮಾಮೂಲಿ ಸಂಪರ್ಕ ಕಡಿದುಹೋದ್ರೆ, ಜಿಲ್ಲಾಧಿಕಾರಿಯಂಥ ಅಧಿಕಾರಿಗಳಿಗಾಗಿ ಬೇರೆಯವರ ಸಂದೇಶ ಮುಟ್ಟಿಸಬಹುದು ಅಂತ ಅದೇ 1978ರ ನಿಯಮಗಳಲ್ಲಿ ಒಂದು ಬಾಗಿಲು ಬಿಟ್ಟಿದ್ದಾರೆ. ಪರೀಕ್ಷೆಗೆ ಕೂರೋರು ಆ ಭಾಗವನ್ನ ಎರಡು ಸಲ ಓದಿ. ಮತ್ತೆ, ಮನೆ ಬದಲಾಯಿಸಿದವರು ಲೈಸೆನ್ಸಿನ ವಿಳಾಸ ತಿದ್ದಿಸೋದು ಮರೀಬೇಡಿ.