ಬಿಟ್ಟಿ ಚಾಕರಿಯಿಂದ ನ್ಯಾಯದ ಕೂಲಿಗೆ



ಮೇ ತಿಂಗಳ ಮೊದಲ ದಿನ ನಮಗೆ ಎರಡು ಆಚರಣೆಗಳು ಒಟ್ಟಿಗೆ ಬರುತ್ತವೆ. ದೇವಾಲಯದ ಒಳಗೆ ಕಾರ್ಮಿಕರಾದ ಸಂತ ಜೋಸೆಫರ ಹಬ್ಬ. ಹೊರಗೆ ಬೀದಿಯಲ್ಲಿ ಕೆಂಪು ಬಾವುಟದ ಕಾರ್ಮಿಕ ದಿನಾಚರಣೆ. ಇದು ಆಕಸ್ಮಿಕವಲ್ಲ. 1886ರ ಮೇ 1ರಂದು ಅಮೆರಿಕದ ಕಾರ್ಮಿಕರು ದಿನಕ್ಕೆ ಎಂಟೇ ಗಂಟೆಯ ದುಡಿಮೆ ಬೇಕೆಂದು ಕೆಲಸ ನಿಲ್ಲಿಸಿದರು. ಷಿಕಾಗೊ ನಗರದಲ್ಲಿ ಅದರ ಸಲುವಾಗಿ ರಕ್ತವೇ ಹರಿಯಿತು. ಆ ನೆನಪಿನ ದಿನವನ್ನೇ ಆರಿಸಿಕೊಂಡು 1955ರಲ್ಲಿ ಜಗದ್ಗುರು ಹನ್ನೆರಡನೆಯ ಪಿಯುಸ್ ಅವರು ಬಡಗಿ ಜೋಸೆಫರ ಹಬ್ಬವನ್ನು ಧರ್ಮಸಭೆಗೆ ಕೊಟ್ಟರು.

ಈ ಹಬ್ಬದ ಸಂದರ್ಭದಲ್ಲಿ ನಮ್ಮ ಬೀದರ್ ಸೀಮೆಯ ಇತಿಹಾಸದ ಒಂದು ಪದವನ್ನು ನಿಮ್ಮ ಮುಂದೆ ಇಡಬೇಕೆನಿಸಿದೆ. ಅದು 'ಬಿಟ್ಟಿ'. ಯಾರಾದರೂ ಸುಮ್ಮನೆ ಕೆಲಸ ಹೇಳಿದರೆ "ನಾನೇನು ಬಿಟ್ಟಿ ಬಿದ್ದೇನೆಯೇ?" ಎಂದು ನಾವು ಕೇಳುತ್ತೇವೆ. ನಗುತ್ತಲೇ ಕೇಳುತ್ತೇವೆ. ಆದರೆ ನಮ್ಮ ಹಿರಿಯರಿಗೆ ಅದು ನಗುವ ಮಾತಾಗಿರಲಿಲ್ಲ.

ನಿಜಾಮರ ಕಾಲದ ಹಳ್ಳಿ

ಔರಾದ್ ತಾಲ್ಲೂಕಿನ ಚಿಂತಾಕಿ ಹೋಬಳಿ ತೆಲಂಗಾಣದ ಗಡಿಯಲ್ಲಿದೆ. ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಇಲ್ಲಿನ ಜನರ ಕಿವಿಗೆ ಹೊಸದಲ್ಲ. ಇದಕ್ಕೆ ಕಾರಣ ಇತಿಹಾಸ. ಔರಾದ್, ಭಾಲ್ಕಿ, ಬೀದರ್ ಎಲ್ಲವೂ ಹೈದರಾಬಾದ್ ಸಂಸ್ಥಾನದ ಭಾಗವಾಗಿದ್ದವು. 1956ರ ನವೆಂಬರ್ 1ರಂದು ಹಳೆಯ ಬೀದರ್ ಜಿಲ್ಲೆ ಮೂರು ರಾಜ್ಯಗಳಿಗೆ ಹಂಚಿಹೋಯಿತು. ಔರಾದ್, ಭಾಲ್ಕಿ, ಹುಮನಾಬಾದ್ ಮೈಸೂರಿಗೆ ಬಂದವು. ನಾರಾಯಣಖೇಡ, ಜಹೀರಾಬಾದ್ ಆಂಧ್ರಕ್ಕೆ ಸೇರಿದವು. ಉದಗೀರ್, ನಿಲಂಗಾ ಮುಂಬಯಿ ರಾಜ್ಯಕ್ಕೆ ಹೋದವು.

ಸಂಸ್ಥಾನದ ಭೂಮಿಯಲ್ಲಿ ಸುಮಾರು ಶೇಕಡಾ 60ರಷ್ಟು ಮಾತ್ರ ಸರ್ಕಾರದ ನೇರ ಆಡಳಿತದಲ್ಲಿತ್ತು. ಸುಮಾರು ಶೇಕಡಾ 10 ನಿಜಾಮರ ಸ್ವಂತದ್ದು. ಉಳಿದದ್ದು ಜಾಗೀರದಾರರ ಕೈಯಲ್ಲಿತ್ತು. ಪಟೇಲ, ಪಟವಾರಿ, ದೇಶಮುಖ, ಜಾಗೀರದಾರ: ಹಳ್ಳಿಯ ಬಡವನ ತಲೆಯ ಮೇಲೆ ಇಷ್ಟು ಮಂದಿ ಇದ್ದರು. ಅಧಿಕಾರಿ ಊರಿಗೆ ಬಂದರೆ ಅವನ ಸಾಮಾನು ಹೊರುವುದು, ಕುದುರೆಗೆ ಹುಲ್ಲು, ಒಲೆಗೆ ಸೌದೆ ತರುವುದು, ದೊಡ್ಡವರ ಹೊಲವನ್ನು ಮೊದಲು ಉತ್ತು ಆಮೇಲೆ ತನ್ನ ಹೊಲಕ್ಕೆ ಹೋಗುವುದು. ಚಮ್ಮಾರನು ಚಪ್ಪಲಿ, ಕುಂಬಾರನು ಗಡಿಗೆ ಕೊಡಬೇಕು. ಇದಕ್ಕೆಲ್ಲ ಕೂಲಿ ಇಲ್ಲ. ಉರ್ದುವಿನಲ್ಲಿ ಇದು ಬೇಗಾರ್, ತೆಲುಗಿನಲ್ಲಿ ವೆಟ್ಟಿ, ನಮ್ಮಲ್ಲಿ ಬಿಟ್ಟಿ. ಹೆಚ್ಚಿನ ಭಾರ ಬಿದ್ದದ್ದು ದಲಿತರ ಮೇಲೆ.

ಇದರ ಜೊತೆಗೆ ಸಾಲದ ಆಳುತನ ಬೇರೆ. ಮದುವೆಗೋ ಸಾವಿಗೋ ಪಡೆದ ಸಾಲಕ್ಕೆ ವರ್ಷಗಟ್ಟಲೆ ದುಡಿಯುವುದು. ತಂದೆ ತೀರಿಸದಿದ್ದರೆ ಮಗ ದುಡಿಯುವುದು. ತೆಲಂಗಾಣದ ಕಡೆ ಇದನ್ನು ಭಗೇಲಾ ಎಂದರು, ಕನ್ನಡದಲ್ಲಿ ಜೀತ ಎಂದರು.

ವಿಪರ್ಯಾಸ ನೋಡಿ. ಇದೇ ಸೀಮೆಯ ಕಲ್ಯಾಣದಲ್ಲಿ 12ನೆಯ ಶತಮಾನದಲ್ಲಿ ಬಸವಣ್ಣನವರು ಮತ್ತು ಶರಣರು ದುಡಿಮೆಗೆ 'ಕಾಯಕ' ಎಂಬ ಗೌರವದ ಹೆಸರು ಕೊಟ್ಟಿದ್ದರು. ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಸೌದೆ ಮಾರುವ ಮೋಳಿಗೆ ಮಾರಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ ಅಲ್ಲಿ ಸಮಾನರಾಗಿ ಕುಳಿತರು. ಆಯ್ದಕ್ಕಿ ಮಾರಯ್ಯ ಅಂದು ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬಾ ಎಂದಳಂತೆ. ದುಡಿಯದೆ ಉಣ್ಣಬಾರದು, ಬೇಕಾದುದಕ್ಕಿಂತ ಹೆಚ್ಚು ಕೂಡಿಡಬಾರದು ಎಂಬ ಪಾಠ ಇಲ್ಲಿಯೇ ಹುಟ್ಟಿತು. ಶತಮಾನಗಳ ನಂತರ ಅದೇ ಕಲ್ಯಾಣ ನವಾಬರ ಜಾಗೀರಾಗಿತ್ತು. ಒಳ್ಳೆಯ ಬೋಧನೆ ಇದ್ದ ಮಾತ್ರಕ್ಕೆ ನ್ಯಾಯ ತಾನಾಗಿ ಉಳಿಯುವುದಿಲ್ಲ.

ಎಡಪಂಥದ ಪ್ರಶ್ನೆ

ಇತ್ತ ಯೂರೋಪಿನಲ್ಲಿ ಕಾರ್ಖಾನೆಗಳು ಬೆಳೆದ ಕಾಲಕ್ಕೆ ಬೇರೊಂದು ಬಗೆಯ ಬಡತನ ಹುಟ್ಟಿತು. 1848ರಲ್ಲಿ ಕಾರ್ಲ್ ಮಾರ್ಕ್ಸ್ ಮತ್ತು ಎಂಗೆಲ್ಸ್ ತಮ್ಮ ಕಮ್ಯುನಿಸ್ಟ್ ಪ್ರಣಾಳಿಕೆ ಪ್ರಕಟಿಸಿದರು. 1867ರಲ್ಲಿ ಮಾರ್ಕ್ಸ್ ಅವರ 'ಬಂಡವಾಳ' ಗ್ರಂಥದ ಮೊದಲ ಸಂಪುಟ ಬಂದಿತು. ಅದರ ಮುಖ್ಯ ವಿಚಾರವನ್ನು ನಮ್ಮ ಹೊಲದ ಮಾತಿನಲ್ಲಿ ಹೀಗೆ ಹೇಳಬಹುದು. ಒಬ್ಬ ಕೂಲಿಯವನು ಮುಂಜಾನೆಯಿಂದ ಸಂಜೆಯವರೆಗೆ ತೊಗರಿ ಕೊಯ್ಯುತ್ತಾನೆ. ಅವನಿಗೆ ಸಿಗುವ ಕೂಲಿಯ ಬೆಲೆಯಷ್ಟು ಕೆಲಸ ಮಧ್ಯಾಹ್ನಕ್ಕೇ ಮುಗಿದಿರುತ್ತದೆ ಎಂದುಕೊಳ್ಳಿ. ಮಧ್ಯಾಹ್ನದ ಮೇಲಿನ ದುಡಿಮೆಯ ಬೆಲೆ ಯಾರಿಗೆ ಹೋಯಿತು? ಧಣಿಗೆ. ಇದನ್ನು ಮಾರ್ಕ್ಸ್ ಹೆಚ್ಚುವರಿ ಮೌಲ್ಯ ಎಂದರು. ಬಿಟ್ಟಿಯಲ್ಲಿ ಕೂಲಿಯಿಲ್ಲದ ದುಡಿಮೆ ಕಣ್ಣಿಗೆ ಕಾಣುತ್ತದೆ; ಕೂಲಿಯಲ್ಲಿ ಅದು ಅಡಗಿರುತ್ತದೆ ಎಂಬುದು ಅವರ ವಾದದ ತಿರುಳು.

ಧರ್ಮಸಭೆ ಆಗ ಸುಮ್ಮನಿತ್ತೇ? ಅದೇ 1848ರಲ್ಲಿ, ಆಗಮನ ಕಾಲದಲ್ಲಿ, ಜರ್ಮನಿಯ ಮೈನ್ಸ್ ಪ್ರಧಾನಾಲಯದಲ್ಲಿ ಕೆಟೆಲರ್ ಎಂಬ ಗುರು ಸಮಾಜದ ದೊಡ್ಡ ಪ್ರಶ್ನೆಗಳ ಬಗ್ಗೆಯೇ ಪ್ರಬೋಧನೆ ನೀಡಿದರು. ಮುಂದೆ ಅವರು ಅಲ್ಲಿಯೇ ಧರ್ಮಾಧ್ಯಕ್ಷರಾದರು. 1891ರ ಮೇ 15ರಂದು ಜಗದ್ಗುರು ಹದಿಮೂರನೆಯ ಲಿಯೋ ಅವರು 'ರೇರುಮ್ ನೊವಾರುಮ್' ಎಂಬ ಪತ್ರವನ್ನು ಇಡೀ ಧರ್ಮಸಭೆಗೆ ಬರೆದರು. ಸಮಾಜವಾದಿಗಳು ಹೇಳಿದ ಎಲ್ಲವನ್ನೂ ಅವರು ಒಪ್ಪಲಿಲ್ಲ. ಬಡವನಿಗೂ ಸ್ವಂತ ಆಸ್ತಿ ಬೇಕು. ಅದನ್ನು ಅಳಿಸಬಾರದು ಎಂದರು. ವರ್ಗಗಳು ಹುಟ್ಟಿನಿಂದಲೇ ಶತ್ರುಗಳು ಎಂಬುದನ್ನು ನಿರಾಕರಿಸಿದರು. ಆದರೆ ಧಣಿಗಳಿಗೂ ಅವರು ಹಿತವಾದ ಮಾತು ಹೇಳಲಿಲ್ಲ. ಕೂಲಿಯವನು ಒಪ್ಪಿದ್ದಾನೆಂಬ ಮಾತ್ರಕ್ಕೆ ಕೂಲಿ ನ್ಯಾಯವಾಗುವುದಿಲ್ಲ. ಹಸಿವಿನಿಂದ ಒಪ್ಪಿದ್ದರೆ ಅದು ಅವನ ಮೇಲೆ ನಡೆದ ಬಲಾತ್ಕಾರವೇ ಎಂಬುದು ಅವರ ಬೋಧನೆ. ಸಂಘ ಕಟ್ಟಿಕೊಳ್ಳುವುದು ಕಾರ್ಮಿಕರ ಸ್ವಾಭಾವಿಕ ಹಕ್ಕೆಂದೂ ಅವರು ಸಾರಿದರು.

1981ರಲ್ಲಿ ಎರಡನೆಯ ಜಾನ್ ಪೌಲರು ದುಡಿಮೆಯ ಕುರಿತೇ ಒಂದು ಪತ್ರ ಬರೆದು, ಬಂಡವಾಳಕ್ಕಿಂತ ದುಡಿಯುವ ಮನುಷ್ಯ ಮೊದಲು ಎಂದರು. ಯೌವನದಲ್ಲಿ ಕಲ್ಲಿನ ಗಣಿಯಲ್ಲಿ, ರಾಸಾಯನಿಕ ಕಾರ್ಖಾನೆಯಲ್ಲಿ ಬೆವರು ಸುರಿಸಿದವರು ಅವರು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಜಗದ್ಗುರುಗಳು ಹದಿನಾಲ್ಕನೆಯ ಲಿಯೋ ಎಂಬ ಹೆಸರು ಆರಿಸಿಕೊಂಡದ್ದಕ್ಕೆ ಆ 1891ರ ಪತ್ರವೇ ಮುಖ್ಯ ಕಾರಣವೆಂದು ತಾವೇ ತಿಳಿಸಿದ್ದಾರೆ.

ಉತ್ತರಗಳಲ್ಲಿ ಭೇದವಿರಬಹುದು. ಆದರೆ 'ದುಡಿದವನು ಯಾರು, ಉಂಡವನು ಯಾರು?' ಎಂಬ ಎಡಪಂಥೀಯರ ಪ್ರಶ್ನೆಯನ್ನು ನಾವು ತಳ್ಳಿಹಾಕುವಂತಿಲ್ಲ. ಅದು ಪ್ರವಾದಿಗಳ ಪ್ರಶ್ನೆಯೂ ಹೌದು.

ಕಾನೂನು ಬಂದದ್ದು ಹೇಗೆ?

ಆ ಪ್ರಶ್ನೆ ನಿಜಾಮರ ಸಂಸ್ಥಾನಕ್ಕೂ ತಲುಪಿತು. ಬೀದರಿಗೆ ಹತ್ತಿರದ ಮೆದಕ್ ಸೀಮೆಯ ಅಂದೋಲ್‌ನಲ್ಲಿ 1908ರಲ್ಲಿ ಹುಟ್ಟಿದ ಉರ್ದು ಕವಿ ಮಖ್ದೂಮ್ ಮೊಹಿಯುದ್ದೀನ್ ಹೈದರಾಬಾದಿನಲ್ಲಿ ಕಾರ್ಮಿಕ ಸಂಘಗಳನ್ನು ಕಟ್ಟಿದರು. ನಲ್ಗೊಂಡ, ವರಂಗಲ್ ಕಡೆ 1946ರಲ್ಲಿ ಬಿಟ್ಟಿಯ ವಿರುದ್ಧ ರೈತರು ಎದ್ದರು. ಕಮ್ಯುನಿಸ್ಟರ ಮುಂದಾಳತ್ವದ ಆ ಸಶಸ್ತ್ರ ಹೋರಾಟ 1951ರವರೆಗೆ ನಡೆಯಿತು. ಎರಡೂ ಕಡೆ ಪ್ರಾಣಗಳು ಹೋದವು. ನಡುವೆ 1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಕೊನೆಗೊಂಡಿತು. ಅದಕ್ಕೆ ಮುಂಚೆ ರಜಾಕಾರರ ಹಾವಳಿಯಿಂದ, ಅದರ ಬೆನ್ನಿಗೆ ಮುಸ್ಲಿಮರ ಮೇಲಿನ ಸೇಡಿನ ಹಿಂಸೆಯಿಂದ ಬೀದರ್ ಜಿಲ್ಲೆ ಬಹಳ ನೊಂದಿತು. ಎರಡರಲ್ಲೂ ಬಡವರ ಕಣ್ಣೀರಿದೆ.

ಆಮೇಲೆ ಕಾನೂನುಗಳು ಒಂದರ ಹಿಂದೊಂದು ಬಂದವು. 1949ರ ಆಗಸ್ಟ್ 15ರಂದು ಜಾಗೀರುಗಳು ರದ್ದಾದವು. 1950ರ ಗೇಣಿ ಕಾಯ್ದೆ ರಕ್ಷಿತ ಗೇಣಿದಾರರಿಗೆ ನೆಲೆ ಕೊಟ್ಟಿತು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 23ನೆಯ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸಿತು. ಆ ವಿಧಿಯ ಇಂಗ್ಲಿಷ್ ಪಾಠದಲ್ಲಿಯೂ 'ಬೇಗಾರ್' ಎಂಬ ನಮ್ಮ ಹಳ್ಳಿಯ ಪದವೇ ಇದೆ. ನಮ್ಮ ಅಜ್ಜಂದಿರ ನೋವಿಗೆ ದೇಶದ ಮೂಲಗ್ರಂಥದಲ್ಲಿ ಅದರದೇ ಹೆಸರಿನಿಂದ ನಿಷೇಧ ಸಿಕ್ಕಿತು.

ಕನ್ನಡ ನಾಡಿನ ಇನ್ನೊಂದು ತುದಿಯಲ್ಲಿ, ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ, 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಗೇಣಿಯ ಭತ್ತ ಅಳೆಯುವ ಕೊಳಗದ ಗಾತ್ರ ಅಲ್ಲಿ ಕಲಹದ ಮೂಲವಾಗಿತ್ತು. ಎಚ್. ಗಣಪತಿಯಪ್ಪ ಅವರನ್ನು ಸಂಘಟಿಸಿದರು. ಶಾಂತವೇರಿ ಗೋಪಾಲಗೌಡರು ಮತ್ತು ಸಮಾಜವಾದಿಗಳು ಜೊತೆಗೂಡಿದರು. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಸೆರೆಯಾದರು. ಅಂದು ಎದ್ದ 'ಉಳುವವನೇ ಹೊಲದೊಡೆಯ' ಎಂಬ ಕೂಗು ದೇವರಾಜ ಅರಸರ ಕಾಲದಲ್ಲಿ ಕಾನೂನಾಯಿತು. 1974ರ ಮಾರ್ಚ್ 1ರಿಂದ ಗೇಣಿ ಭೂಮಿ ಸರ್ಕಾರದ ವಶವಾಗಿ, ಅರ್ಜಿ ಹಾಕಿದ ಗೇಣಿದಾರರಿಗೆ ಭೂನ್ಯಾಯಮಂಡಳಿಗಳ ಮೂಲಕ ಒಡೆತನ ದೊರೆಯಿತು.

ಆದರೆ ಅರ್ಜಿಗಳ ದೊಡ್ಡ ಪಾಲು ಬಂದದ್ದು ಕರಾವಳಿ ಮತ್ತು ಮಲೆನಾಡಿನಿಂದ. ನಮ್ಮ ಸೀಮೆಯಲ್ಲಿ ಗೇಣಿಗೆ ಚೀಟಿ ಇರಲಿಲ್ಲ, ಬರೀ ಬಾಯಿಮಾತು. ಕಾಗದವಿಲ್ಲದವನು ಏನನ್ನು ತೋರಿಸಿಯಾನು? ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡುವವನಿಗಂತೂ ಆ ಕಾಯ್ದೆಯಲ್ಲಿ ಕೇಳಲು ಹೊಲವೇ ಇರಲಿಲ್ಲ. ಅಂಥವರಿಗೆ ಬಿಡುಗಡೆ ತಂದದ್ದು 1976ರ ಜೀತಪದ್ಧತಿ ನಿರ್ಮೂಲನ ಕಾಯ್ದೆ. ದೇಶದ ಬೇರೆ ಬೇರೆ ಕಡೆ ಜೀತಕ್ಕಿದ್ದ ಹೆಸರುಗಳ ಪಟ್ಟಿಯೇ ಅದರಲ್ಲಿದೆ. ಭಗೇಲಾ, ಜೀತ, ವೆಟ್ಟಿ ಮೂರೂ ಆ ಪಟ್ಟಿಯಲ್ಲಿವೆ.

2006ರ ಫೆಬ್ರುವರಿ 2ರಂದು ಗ್ರಾಮೀಣ ಉದ್ಯೋಗ ಖಾತ್ರಿ ಯೋಜನೆ ಆರಂಭವಾದಾಗ ರಾಜ್ಯದ ಮೊದಲ ಐದು ಜಿಲ್ಲೆಗಳಲ್ಲಿ ಬೀದರ್ ಒಂದು. ವರ್ಷಕ್ಕೆ 100 ದಿನ ಕೆಲಸ ಕೇಳುವುದು ಭಿಕ್ಷೆಯಲ್ಲ, ಹಕ್ಕು ಎಂದಿತು ಆ ಕಾನೂನು. 2025ರ ಕೊನೆಯಲ್ಲಿ ಸಂಸತ್ತು ಅದರ ಜಾಗಕ್ಕೆ ಬೇರೆ ಕಾನೂನನ್ನು ತಂದಿತು. ಕಾನೂನಿನ ಹೆಸರು ಬದಲಾಗುತ್ತಿರುತ್ತದೆ. ತಿಳಿದು ಕೇಳುವ ಜನ ಇಲ್ಲದಿದ್ದರೆ ಯಾವ ಕಾನೂನೂ ಕಾಗದವೇ.

ಇಂದಿನ ಬಿಟ್ಟಿ

ಹಾಗಾದರೆ ಬಿಟ್ಟಿ ಮುಗಿಯಿತೇ? 1982ರಲ್ಲಿ ಸುಪ್ರೀಂ ಕೋರ್ಟ್ ಒಂದು ದೊಡ್ಡ ತೀರ್ಪು ಕೊಟ್ಟಿತು. ದೆಹಲಿಯ ಏಷ್ಯನ್ ಕ್ರೀಡೆಗಳಿಗಾಗಿ ಕಟ್ಟಡ ಕಟ್ಟುತ್ತಿದ್ದ ಕಾರ್ಮಿಕರಿಗೆ ಕನಿಷ್ಠ ಕೂಲಿ ಸಿಗುತ್ತಿರಲಿಲ್ಲ. ನ್ಯಾಯಮೂರ್ತಿ ಪಿ. ಎನ್. ಭಗವತಿ ಅವರ ಪೀಠ ಹೇಳಿದ ತಾತ್ಪರ್ಯ ಇಷ್ಟು: ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿದರೆ ಅದೂ 23ನೆಯ ವಿಧಿ ನಿಷೇಧಿಸಿದ ಬಲವಂತದ ದುಡಿಮೆ. ಬಲವಂತ ಎಂದರೆ ಚಾಟಿ ಮಾತ್ರವಲ್ಲ. ಹಸಿವೂ ಬಲವಂತವೇ. ಲಿಯೋ ಅವರು 1891ರಲ್ಲಿ ಹೇಳಿದ್ದೂ ಇದೇ ಅಲ್ಲವೇ?

ಈ ಮಾತು ನಮ್ಮ ಮನೆಬಾಗಿಲಿಗೂ ಬರುತ್ತದೆ. ನಮ್ಮಲ್ಲಿ ಅನೇಕ ಕುಟುಂಬಗಳು ಕೂಲಿಯಿಂದಲೇ ಬದುಕುತ್ತವೆ. ಮಕ್ಕಳು ಹೈದರಾಬಾದ್, ಪುಣೆ, ಮುಂಬಯಿಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದಾರೆ. ಅವರಿಗೆ ಗುತ್ತಿಗೆದಾರ ಕೂಲಿ ಹಿಡಿದಿಟ್ಟರೆ ನಮ್ಮ ಕರುಳು ಉರಿಯುತ್ತದೆ. ಅದೇ ನಾವು ನಮ್ಮ ಹೊಲಕ್ಕೆ ಕಳೆ ಕೀಳಲು ಬಂದ ಹೆಣ್ಣುಮಗಳಿಗೆ, ಅದೇ ಕೆಲಸಕ್ಕೆ ಗಂಡಸಿಗೆ ಕೊಡುವುದಕ್ಕಿಂತ ಕಡಿಮೆ ಕೊಡುತ್ತೇವೆ. ಪಾತ್ರೆ ತೊಳೆಯುವವಳಿಗೆ "ನಾಳೆ ಬಾ" ಎನ್ನುತ್ತೇವೆ. ಹಬ್ಬದ ದಿನ ಚಪ್ಪರ ಹಾಕಿದವನ ಹತ್ತಿರ "ದೇವರ ಕೆಲಸ ಅಲ್ಲವೇನಪ್ಪ" ಎಂದು ಚೌಕಾಸಿ ಮಾಡುತ್ತೇವೆ. ದೇವರ ಹೆಸರಿನಲ್ಲಿ ಬಿಟ್ಟಿ ತೆಗೆದುಕೊಳ್ಳುವುದು ಪಟೇಲನ ಬಿಟ್ಟಿಗಿಂತ ಹೇಗೆ ಮೇಲು?

ಶುಭಸಂದೇಶದಲ್ಲಿ ಬಿಟ್ಟಿ ಹೊತ್ತ ಒಬ್ಬ ಮನುಷ್ಯ ಇದ್ದಾನೆ. ಸಿರೇನ್ ಊರಿನ ಸಿಮೋನ. ದಾರಿಯಲ್ಲಿ ಹೋಗುತ್ತಿದ್ದವನನ್ನು ಸೈನಿಕರು ಹಿಡಿದು ಪ್ರಭುವಿನ ಶಿಲುಬೆ ಹೊರಿಸಿದರು. ಮತ್ತಾಯರು ಅಲ್ಲಿ ಬಳಸಿರುವ ಗ್ರೀಕ್ ಕ್ರಿಯಾಪದದ ಅರ್ಥವೇ ಬಿಟ್ಟಿಗೆ ಹಿಡಿಯುವುದು. ಅಂದರೆ ಪ್ರಭು ಯೇಸುವಿನ ಶಿಲುಬೆಯ ಇನ್ನೊಂದು ತುದಿ ಒಬ್ಬ ಬಿಟ್ಟಿ ಆಳಿನ ಹೆಗಲ ಮೇಲಿತ್ತು. ಅವನಿಗೆ ಅಂದು ಯಾರೂ ಕೂಲಿ ಕೊಡಲಿಲ್ಲ. ಅವನ ಹೆಸರನ್ನು ಮಾತ್ರ ಶುಭಸಂದೇಶ ಮರೆಯಲಿಲ್ಲ.

ಸಂತ ಜೋಸೆಫರ ಪ್ರತಿಮೆಗೆ ಈ ಹಬ್ಬದಂದು ಹಾರ ಹಾಕೋಣ. ಅದಕ್ಕೆ ಮುಂಚೆ, ನಮ್ಮ ಮನೆಗೆ, ಹೊಲಕ್ಕೆ, ಅಂಗಡಿಗೆ ದುಡಿದವರ ಲೆಕ್ಕ ತೆಗೆಯೋಣ. ಬಾಕಿ ಇದ್ದರೆ ಹೊತ್ತು ಮುಳುಗುವ ಮೊದಲು ಕೊಟ್ಟುಬಿಡೋಣ. ಕೂಲಿ ಮಾಡುವ ನಮ್ಮ ಮಕ್ಕಳಿಗೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ಕೂಲಿ ಎಷ್ಟೆಂಬುದನ್ನು ಕಲಿಸೋಣ. ಒಬ್ಬೊಬ್ಬರೇ ಬೇಡುವುದಕ್ಕಿಂತ ಸಂಘ ಕಟ್ಟಿಕೊಂಡು ಕೇಳಲು ಹೇಳಿಕೊಡೋಣ. ನಮ್ಮ ಹಿರಿಯರು ಬಿಟ್ಟಿ ಹೊತ್ತರು. ನಮ್ಮ ಮಕ್ಕಳು ಅದನ್ನು ಹೊರುವುದೂ ಬೇಡ, ಬೇರೆಯವರ ಮೇಲೆ ಹೊರಿಸುವುದೂ ಬೇಡ.